ಮನೆಯ ಕಂಪ್ಯೂಟರ್‌ನಲ್ಲಿ ಫೈಲ್ ಸರ್ವರ್: ಎಫ್‌ಟಿಪಿಯಾ, ಎಸ್‌ಎಫ್‌ಟಿಪಿಯಾ, ವಿಪಿಎನ್ ಸಾಕಾ?

ಮನೆಯ ಕಂಪ್ಯೂಟರನ್ನೇ ಫೈಲ್ ಸರ್ವರ್ ಮಾಡಿಕೊಳ್ಳಲು ಹೊರಟವರು ಮೊದಲು ಕೇಳುವುದು "ಯಾವ ಸಾಫ್ಟ್‌ವೇರ್ ಹಾಕಲಿ?" ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕಿಂತ ಮುಂಚೆ ಮೂರು ವಿಷಯ ತೀರ್ಮಾನವಾಗಬೇಕು. ಫೈಲ್ ತೆಗೆದುಕೊಳ್ಳುವವರು ಯಾರು: ನೀವೊಬ್ಬರೇ, ಗೊತ್ತಿರುವ ನಾಲ್ಕು ಜನ, ಅಥವಾ ಲಿಂಕ್ ಕಳಿಸಿದರೆ ಸಾಕು ಅನ್ನುವ ಗಿರಾಕಿಗಳು? ಅವರು ಇರುವುದು ಮನೆಯ ವೈಫೈ ಒಳಗೋ, ಹೊರಗೋ? ಅವರ ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ನೀವು ಹೇಳಿದ ಆ್ಯಪ್ ಹಾಕಿಸಲು ಆಗುತ್ತದೋ ಇಲ್ಲವೋ?

ಈ ಮೂರಕ್ಕೆ ಉತ್ತರ ಸಿಕ್ಕರೆ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಸರ್ವರ್ ಬೇಕು ಅನ್ನುವ ಹೆಚ್ಚಿನವರಿಗೆ ಇಂಟರ್ನೆಟ್ ಕಡೆಗೆ ಫೈಲ್ ಸರ್ವರಿನ ಪೋರ್ಟ್ (ಹೊರಗಿನವರು ಒಳಗೆ ಬರುವ, ಸಂಖ್ಯೆ ಇರುವ ಬಾಗಿಲು) ತೆರೆಯುವ ಅಗತ್ಯವೇ ಇರುವುದಿಲ್ಲ, ಮನೆಗೆ ಖಾಸಗಿ ದಾರಿ ಮಾಡುವ ವಿಪಿಎನ್ ಸಾಕು. ತೆರೆಯಲೇಬೇಕು ಅಂತಾದರೆ ಕೀ (ಪಾಸ್‌ವರ್ಡ್ ಬದಲು ಬಳಸುವ ಗುರುತಿನ ಫೈಲ್) ಇಟ್ಟುಕೊಂಡ ಎಸ್‌ಎಫ್‌ಟಿಪಿ, ಅಂದರೆ ಗೂಢಲಿಪಿಯಲ್ಲಿ ಫೈಲ್ ಸಾಗಿಸುವ ವಿಧಾನ, ಸರಿ. ಫೈಲ್ ಸಾಗಿಸುವ ಹಳೇ ವಿಧಾನವಾದ ಬರೀ ಎಫ್‌ಟಿಪಿ ಮಾತ್ರ ಮನೆಯ ಹೊಸ್ತಿಲು ದಾಟಬಾರದು.

"ನನ್ನ ವಿಳಾಸ ಯಾರಿಗೆ ಗೊತ್ತಾಗುತ್ತೆ?"

ಪೋರ್ಟ್ ತೆರೆಯುವವರ ಮಾಮೂಲಿ ಸಮಾಧಾನ ಇದು. ಲೆಕ್ಕ ಹಾಕಿದರೆ ಇದು ನಿಲ್ಲುವುದಿಲ್ಲ. ಇಂಟರ್ನೆಟ್ ವಿಳಾಸಗಳ ಹಳೇ ಪದ್ಧತಿ ಐಪಿವಿ4ನಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಕಂಪ್ಯೂಟರ್ ಮಟ್ಟಿಗೆ ಇದು ದೊಡ್ಡ ಸಂಖ್ಯೆಯಲ್ಲ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಝಡ್‌ಮ್ಯಾಪ್ ಎಂಬ ಸಾಧನ ಬಿಟ್ಟರು. ಒಂದು ಗಿಗಾಬಿಟ್ ಸಂಪರ್ಕ ಇದ್ದರೆ ಸಾಕು, ಅದು ಒಂದೇ ಯಂತ್ರದಿಂದ 45 ನಿಮಿಷದೊಳಗೆ ಇಡೀ ಐಪಿವಿ4 ಜಾಲದಲ್ಲಿ ಒಂದು ಪೋರ್ಟ್ ಎಲ್ಲೆಲ್ಲಿ ತೆರೆದಿದೆ ಎಂದು ನೋಡಿ ಮುಗಿಸುತ್ತಿತ್ತು. ನಿಮ್ಮನ್ನು ಹುಡುಕಿಕೊಂಡು ಯಾರೂ ಬರಬೇಕಾಗಿಲ್ಲ. ಎಲ್ಲರ ಬಾಗಿಲನ್ನೂ ತಟ್ಟುತ್ತಾ ಹೋಗುವ ಬಾಟ್‌ಗಳ (ತಾವಾಗಿ ನಡೆಯುವ ಪ್ರೋಗ್ರಾಂಗಳ) ದಾರಿಯಲ್ಲಿ ನೀವೂ ಒಬ್ಬರು, ಅಷ್ಟೇ.

ಎಸ್‌ಎಫ್‌ಟಿಪಿ ಬಳಸುವ 22ನೇ ಪೋರ್ಟ್ ತೆರೆದು ಒಂದು ದಿನ ಬಿಟ್ಟು ಲಾಗ್ (ಸರ್ವರ್ ಬರೆದಿಡುವ ದಾಖಲೆ) ನೋಡಿ. ರೂಟ್, ಅಡ್ಮಿನ್, ಟೆಸ್ಟ್, ಗೆಸ್ಟ್ ಅಂತ ಹೆಸರು ಹಾಕಿ ಪಾಸ್‌ವರ್ಡ್ ಊಹಿಸಲು ನೋಡಿದ ಸಾಲುಗಳು ಕಾಣುತ್ತವೆ. ಇದರಿಂದ ಗಾಬರಿಯಾಗಬೇಕಿಲ್ಲ. ಆದರೆ ಯಾವ ಆಯ್ಕೆ ಇದನ್ನು ಹೇಗೆ ತಡೆದುಕೊಳ್ಳುತ್ತದೆ ಅನ್ನುವುದೇ ಇಲ್ಲಿ ಹೋಲಿಕೆಯ ಮುಖ್ಯ ಅಳತೆ.

ಎಫ್‌ಟಿಪಿ: ಮನೆಯೊಳಗಿನ ಹಳೇ ಯಂತ್ರಗಳಿಗೆ ಮಾತ್ರ

ಎಫ್‌ಟಿಪಿಯ ಮೊದಲ ಕರಡು ಬಂದದ್ದು 1971ರ ಏಪ್ರಿಲ್‌ನಲ್ಲಿ, ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) 114 ಆಗಿ. ಬರೆದವರು ಆಗ ಎಂಐಟಿಯಲ್ಲಿದ್ದ ಅಭಯ್ ಭೂಷಣ್. ಇಂದಿನ ಎಫ್‌ಟಿಪಿಗೆ ಆಧಾರವಾದ ಆರ್‌ಎಫ್‌ಸಿ 959 ಬಂದದ್ದು 1985ರಲ್ಲಿ. ಆಗ ಜಾಲದಲ್ಲಿ ಇದ್ದವರೆಲ್ಲ ಹೆಚ್ಚುಕಮ್ಮಿ ಪರಿಚಯದವರೇ. ಹಾಗಾಗಿ ಹೆಸರು, ಪಾಸ್‌ವರ್ಡ್, ಫೈಲ್ ಎಲ್ಲವೂ ಹಾಗೇ ಬಿಚ್ಚಿಟ್ಟ ರೂಪದಲ್ಲಿ ಹೋಗುತ್ತವೆ. ನಡುವೆ ಕೂತು ನೋಡುವವರಿಗೆ ಏನನ್ನೂ ಒಡೆಯುವ ಕಷ್ಟವಿಲ್ಲ, ಸುಮ್ನೆ ಓದಿದರಾಯಿತು.

ಇನ್ನೊಂದು ತೊಂದರೆ ಅದರ ರಚನೆಯಲ್ಲೇ ಇದೆ. ಎಫ್‌ಟಿಪಿ ಆದೇಶಗಳಿಗೆ 21ನೇ ಪೋರ್ಟಿನಲ್ಲಿ ಒಂದು ಸಂಪರ್ಕ, ಫೈಲು ಸಾಗಿಸಲು ಪ್ರತಿ ಸಲ ಇನ್ನೊಂದು ಸಂಪರ್ಕ ಮಾಡುತ್ತದೆ. ಆ್ಯಕ್ಟಿವ್ ವಿಧಾನದಲ್ಲಿ ಸರ್ವರ್ ತಾನೇ ಕ್ಲೈಂಟ್ (ಫೈಲ್ ಕೇಳುವ ಕಡೆಯ ಪ್ರೋಗ್ರಾಂ) ಕಡೆಗೆ ಸಂಪರ್ಕ ಮಾಡಲು ನೋಡುತ್ತದೆ, ಕ್ಲೈಂಟಿನ ಮುಂದಿರುವ ರೂಟರ್ ಅದನ್ನು ಬಿಡುವುದಿಲ್ಲ. ಪ್ಯಾಸಿವ್ ವಿಧಾನದಲ್ಲಿ ಸರ್ವರ್ "ಈ ಪೋರ್ಟಿಗೆ ಬಾ" ಅನ್ನುತ್ತದೆ, ಆಗ ನಿಮ್ಮ ರೂಟರಿನಲ್ಲಿ ಪೋರ್ಟುಗಳ ಒಂದು ಸಾಲನ್ನೇ ತೆರೆದಿಡಬೇಕು. ಲಾಗಿನ್ ಆಗುತ್ತದೆ, ಫೋಲ್ಡರಿನ ಪಟ್ಟಿ ಮಾತ್ರ ಬರುವುದಿಲ್ಲ ಅನ್ನುವ ಗೋಳಿಗೆ ಹೆಚ್ಚಿನ ಸಲ ಕಾರಣ ಇದೇ.

2021ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ಎಫ್‌ಟಿಪಿ ಬೆಂಬಲವನ್ನು ತೆಗೆದುಹಾಕಿದವು. "ಬ್ರೌಸರಿನಲ್ಲೇ ತೆರೆದು ನೋಡಲಿ" ಅನ್ನುವ ಅನುಕೂಲವೂ ಹೋಯಿತು.

ಹಾಗಾದರೆ ಯಾರಿಗೆ ಬೇಕು? ಹಳೇ ಸ್ಕ್ಯಾನರ್, ಕೆಲವು ನಿಗಾ ಕ್ಯಾಮೆರಾಗಳು ಫೈಲ್ ಕಳಿಸಲು ಎಫ್‌ಟಿಪಿ ಒಂದನ್ನೇ ಬಲ್ಲವು. ಅವುಗಳಿಗಾಗಿ ಮನೆಯ ನೆಟ್‌ವರ್ಕ್ ಒಳಗೆ ಒಂದು ಎಫ್‌ಟಿಪಿ ಇಟ್ಟುಕೊಳ್ಳಿ, ತಪ್ಪಿಲ್ಲ. ಆ ಯಂತ್ರಕ್ಕೆ ಬೇರೆಯೇ ಹೆಸರು, ಬೇರೆಲ್ಲೂ ಬಳಸದ ಪಾಸ್‌ವರ್ಡ್, ಒಂದೇ ಫೋಲ್ಡರ್ ಕೊಡಿ. ಆಗುವುದಾದರೆ ಬರೆಯುವ ಅನುಮತಿ ಮಾತ್ರ, ಓದುವುದು ಬೇಡ. ರೂಟರಿನಲ್ಲಿ ಅದರ ಪೋರ್ಟನ್ನು ಹೊರಗಿನಿಂದ ಒಳಗೆ ಫಾರ್ವರ್ಡ್ ಮಾತ್ರ ಮಾಡಬೇಡಿ.

ಎಫ್‌ಟಿಪಿಎಸ್: ಎದುರಿನವರು ಇದನ್ನೇ ಕೇಳಿದರೆ

ಹಳೇ ಎಫ್‌ಟಿಪಿಯ ಮೇಲೆ ಟಿಎಲ್‌ಎಸ್ ಎಂಬ ಗೂಢಲಿಪಿಯ ಹೊದಿಕೆ ಹಾಕಿದರೆ ಎಫ್‌ಟಿಪಿಎಸ್. 2005ರ ಆರ್‌ಎಫ್‌ಸಿ 4217 ಇದನ್ನು ವಿವರಿಸುತ್ತದೆ. ಎಕ್ಸ್‌ಪ್ಲಿಸಿಟ್ ರೀತಿಯಲ್ಲಿ ಸಂಪರ್ಕ 21ರಲ್ಲೇ ಶುರುವಾಗಿ ಆಮೇಲೆ ಗೂಢಲಿಪಿಗೆ ಹೊರಳುತ್ತದೆ. ಇಂಪ್ಲಿಸಿಟ್ ರೀತಿ 990ನೇ ಪೋರ್ಟಿನಲ್ಲಿ ಮೊದಲಿನಿಂದಲೇ ಗೂಢ. ಹೊಸದಾಗಿ ಮಾಡುವವರು ಎಕ್ಸ್‌ಪ್ಲಿಸಿಟ್ ಇಟ್ಟುಕೊಂಡು, ಟಿಎಲ್‌ಎಸ್ ಇಲ್ಲದ ಲಾಗಿನ್ ನಿರಾಕರಿಸುವ ಹಾಗೆ ಕಡ್ಡಾಯ ಮಾಡಬೇಕು. ಈ ಕಡ್ಡಾಯ ಮರೆತರೆ ಹಳೇ ಕ್ಲೈಂಟ್ ಒಂದು ಬಿಚ್ಚಿಟ್ಟ ಪಾಸ್‌ವರ್ಡನ್ನೇ ಕಳಿಸಿ ಒಳಗೆ ಬರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಭದ್ರತೆಯ ದೃಷ್ಟಿಯಿಂದ ಇದು ಕಳಪೆ ಅಲ್ಲ. ತಲೆನೋವು ಇರುವುದು ನಿರ್ವಹಣೆಯಲ್ಲಿ. ಎರಡು ಸಂಪರ್ಕಗಳ ಗೊಂದಲ ಹಾಗೇ ಉಳಿಯಿತು. ಜೊತೆಗೆ ಒಂದು ಹೊಸ ತೊಡಕು: ಬರೀ ಎಫ್‌ಟಿಪಿ ಆಗಿದ್ದರೆ ಕೆಲವು ರೂಟರುಗಳು ಒಳಗಿನ ಮಾತನ್ನು ಓದಿ ವಿಳಾಸ, ಪೋರ್ಟ್ ತಾವೇ ಹೊಂದಿಸುತ್ತಿದ್ದವು. ಈಗ ಮಾತೇ ಗೂಢ, ರೂಟರಿಗೆ ಓದಲಾಗುವುದಿಲ್ಲ. ಆದ್ದರಿಂದ ಹೊರಗಿನ ಐಪಿ ವಿಳಾಸವನ್ನೂ ಪ್ಯಾಸಿವ್ ಪೋರ್ಟುಗಳ ಸಾಲನ್ನೂ ಸರ್ವರಿನಲ್ಲಿ ನೀವೇ ಬರೆದು, ಅದೇ ಸಾಲನ್ನು ರೂಟರಿನಲ್ಲೂ ಫಾರ್ವರ್ಡ್ ಮಾಡಬೇಕು. 50000ರಿಂದ 50020ರ ತನಕ ಅಂತ ಚಿಕ್ಕದಾಗಿ ಇಟ್ಟುಕೊಳ್ಳಿ. ಹತ್ತು ಸಾವಿರ ಪೋರ್ಟ್ ತೆರೆದಿಡುವ ಸಲಹೆ ಕಂಡರೆ ಅದನ್ನು ಪಕ್ಕಕ್ಕೆ ಇಡಿ.

ಸರ್ವರ್ ನಿಮ್ಮದೇ ಎಂದು ತೋರಿಸುವ ಸರ್ಟಿಫಿಕೇಟ್ ಕೂಡ ಬೇಕು. ಸ್ವಂತ ಡೊಮೇನ್ ಹೆಸರಿದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಕೊಡುತ್ತದೆ. ಅದರ ಅವಧಿ ಚಿಕ್ಕದು, ನವೀಕರಣ ತಾನಾಗಿ ಆಗುವ ಹಾಗೆ ಮಾಡಿಡಬೇಕು. ನೀವೇ ತಯಾರಿಸಿದ ಸರ್ಟಿಫಿಕೇಟ್ ಆದರೆ ಎದುರಿನವರಿಗೆ ಎಚ್ಚರಿಕೆ ಬರುತ್ತದೆ. ಜನ ಅದನ್ನು ಓದದೆ ಒತ್ತಿ ಮುಂದೆ ಹೋಗುತ್ತಾರೆ, ಹೊದಿಕೆ ಹಾಕಿದ ಉದ್ದೇಶವೇ ಅರ್ಧ ಕೆಟ್ಟಿತು.

ವಿಂಡೋಸ್‌ನಲ್ಲಿ ಫೈಲ್‌ಝಿಲ್ಲಾ ಸರ್ವರ್, ಲಿನಕ್ಸ್‌ನಲ್ಲಿ ವಿಎಸ್‌ಎಫ್‌ಟಿಪಿಡಿ ಅಥವಾ ಪ್ರೊಎಫ್‌ಟಿಪಿಡಿ ಇದಕ್ಕೆ ಪರಿಚಿತ ಹೆಸರುಗಳು. ಒಂದು ವಿಷಯ ನೆನಪಿರಲಿ, ಫೈಲ್‌ಝಿಲ್ಲಾದ ಕ್ಲೈಂಟಿಗೆ ಎಸ್‌ಎಫ್‌ಟಿಪಿ ಬರುತ್ತದೆ, ಪುಕ್ಕಟೆ ಸರ್ವರಿಗೆ ಬರುವುದಿಲ್ಲ. ಸರ್ವರ್ ಹಾಕಿಕೊಂಡು ಎಸ್‌ಎಫ್‌ಟಿಪಿ ಸೆಟ್ಟಿಂಗ್ ಹುಡುಕುತ್ತಾ ಕೂರುವವರು ಎಷ್ಟೋ ಜನ.

ಎದುರಿನ ಕಚೇರಿಯ ವ್ಯವಸ್ಥೆಗೆ ಎಫ್‌ಟಿಪಿಎಸ್ ಮಾತ್ರ ಗೊತ್ತಿದ್ದರೆ ಇದನ್ನು ಆರಿಸಿ. ಇಲ್ಲದಿದ್ದರೆ ಇಷ್ಟು ಕಷ್ಟಪಡಲು ನನಗೆ ಕಾರಣ ಕಾಣುವುದಿಲ್ಲ.

ಎಸ್‌ಎಫ್‌ಟಿಪಿ: ಪೋರ್ಟ್ ತೆರೆಯಲೇಬೇಕಾದರೆ

ಇದು ಎಫ್‌ಟಿಪಿಯ ಮಗು ಅಲ್ಲ, ದೂರದ ಕಂಪ್ಯೂಟರಿಗೆ ಗೂಢವಾಗಿ ಸೇರುವ ಎಸ್‌ಎಸ್‌ಎಚ್ ಮನೆಯದ್ದು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡ್‌ಗಳನ್ನು ಓದಿದ್ದರು. ಅದಕ್ಕೆ ಉತ್ತರವಾಗಿ ಅಲ್ಲಿದ್ದ ಟಾಟು ಯ್ಲೋನೆನ್ ಎಸ್‌ಎಸ್‌ಎಚ್ ಬರೆದರು. ಅಂದರೆ ಎಫ್‌ಟಿಪಿ, ದೂರದಿಂದ ಲಾಗಿನ್ ಆಗುವ ಹಳೇ ಟೆಲ್‌ನೆಟ್, ಇವುಗಳ ರೋಗಕ್ಕೇ ಮದ್ದಾಗಿ ಹುಟ್ಟಿದ್ದು. ಟೆಲ್‌ನೆಟ್‌ನ 23, ಎಫ್‌ಟಿಪಿಯ 21, ಇವೆರಡರ ನಡುವೆ ಖಾಲಿ ಇದ್ದ 22ನ್ನೇ ಅವರು ಕೇಳಿ ಪಡೆದರು. ಇಂದು ಎಲ್ಲೆಡೆ ಇರುವ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಓಪನ್‌ಬಿಎಸ್‌ಡಿ ಬಳಗದಿಂದ ಬಂತು.

ಅನುಕೂಲ ಎದ್ದು ಕಾಣುತ್ತದೆ. ಒಂದೇ ಪೋರ್ಟ್, ಒಂದೇ ಸಂಪರ್ಕ, ಆದೇಶವೂ ಫೈಲೂ ಅದರಲ್ಲೇ ಗೂಢವಾಗಿ ಹೋಗುತ್ತವೆ. ಸರ್ಟಿಫಿಕೇಟ್ ನವೀಕರಣದ ಗೋಜಿಲ್ಲ. ಲಿನಕ್ಸ್, ಮ್ಯಾಕ್‌ಗಳಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ವಿಂಡೋಸ್ 10ರ 1809 ಆವೃತ್ತಿಯಿಂದ ಓಪನ್‌ಎಸ್‌ಎಸ್‌ಎಚ್ ಸರ್ವರನ್ನು ಐಚ್ಛಿಕ ಫೀಚರ್ ಆಗಿ ಸೇರಿಸಿಕೊಳ್ಳಬಹುದು. ಎದುರಿನವರಿಗೆ ಫೈಲ್‌ಝಿಲ್ಲಾ ಅಥವಾ ವಿನ್‌ಎಸ್‌ಸಿಪಿ ಇದ್ದರೆ ಸಾಕು.

ಅಪಾಯ ಎಲ್ಲಿದೆ ಅಂದರೆ, ಎಸ್‌ಎಸ್‌ಎಚ್ ಹುಟ್ಟಿದ್ದು ಫೈಲಿಗಾಗಿ ಅಲ್ಲ, ದೂರದಿಂದ ಕಂಪ್ಯೂಟರ್ ನಡೆಸಲು. ಹಾಗೇ ಬಿಟ್ಟರೆ ಫೈಲ್ ತೆಗೆದುಕೊಳ್ಳಲು ಕರೆದವರಿಗೆ ನೀವು ಶೆಲ್ (ಆದೇಶ ಬರೆದು ಕಂಪ್ಯೂಟರ್ ನಡೆಸುವ ಪರದೆ) ಕೂಡ ಕೊಟ್ಟಿರುತ್ತೀರಿ. ಅದಕ್ಕೇ ಈ ಕೆಲಸಗಳನ್ನು ಬಿಡಬಾರದು:

- ಪಾಸ್‌ವರ್ಡ್ ಲಾಗಿನ್ ಪೂರ್ತಿ ಬಂದ್. ಪ್ರತಿಯೊಬ್ಬರಿಗೂ ಅವರದ್ದೇ ಇಡಿ25519 ಬಗೆಯ ಕೀ. ಕೀ ಅವರ ಕಂಪ್ಯೂಟರಿನಲ್ಲೇ ತಯಾರಾಗಲಿ, ನಿಮಗೆ ಕಳಿಸಬೇಕಾದ್ದು ಅದರ ಪಬ್ಲಿಕ್ ಭಾಗ ಮಾತ್ರ, ಗುಟ್ಟಿನ (ಪ್ರೈವೇಟ್) ಭಾಗ ಅವರಲ್ಲೇ ಇರಲಿ. ಬಾಟ್‌ಗಳು ವರ್ಷಗಟ್ಟಲೆ ಪಾಸ್‌ವರ್ಡ್ ಊಹಿಸುತ್ತಾ ಕೂರಲಿ, ಕೇಳುವವರೇ ಇಲ್ಲ.
- ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಲಾಗಿನ್ ಬಂದ್. ಒಳಗೆ ಬರಬಹುದಾದವರ ಹೆಸರನ್ನು ಸರ್ವರಿನ ಸೆಟ್ಟಿಂಗ್ ಫೈಲಿನ ಅಲೋಯೂಸರ್ಸ್ ಸಾಲಿನಲ್ಲಿ ಬರೆದಿಡಿ.
- ಫೈಲಿಗೆ ಮಾತ್ರ ಬರುವವರನ್ನು ಒಂದು ಗುಂಪಿಗೆ ಹಾಕಿ, ಆ ಗುಂಪಿಗೆ ಫೋರ್ಸ್‌ಕಮಾಂಡ್ ಮೂಲಕ ಇಂಟರ್ನಲ್-ಎಸ್‌ಎಫ್‌ಟಿಪಿ ಮಾತ್ರ ಕೊಡಿ. ಶೆಲ್ ಸಿಗುವುದಿಲ್ಲ.
- ಅದೇ ಗುಂಪಿಗೆ ಟಿಸಿಪಿ ಫಾರ್ವರ್ಡಿಂಗ್ ಆಫ್ ಮಾಡಿ. ಹೆಚ್ಚಿನವರು ಮರೆಯುವುದು ಇದನ್ನೇ. ಶೆಲ್ ಇಲ್ಲದಿದ್ದರೂ ಫಾರ್ವರ್ಡಿಂಗ್ ಇದ್ದರೆ ನಿಮ್ಮ ಸರ್ವರ್ ಮೂಲಕ ಮನೆಯ ರೂಟರ್, ಪ್ರಿಂಟರ್, ಕ್ಯಾಮೆರಾಗಳ ತನಕ ಕೈ ಹಾಕಬಹುದು.
- ಚ್‌ರೂಟ್ ಹಾಕಿ, ಅವರ ಫೋಲ್ಡರೇ ಅವರ ಲೋಕ ಆಗುವ ಹಾಗೆ ಮಾಡಿ.

ಕೊನೆಯದ್ದರಲ್ಲಿ ಒಂದು ಸಣ್ಣ ಸಿಕ್ಕಿದೆ. ಲಿನಕ್ಸ್‌ನಲ್ಲಿ ಚ್‌ರೂಟ್ ಮಾಡಿದ ಫೋಲ್ಡರ್, ಅದರ ಮೇಲಿನ ಎಲ್ಲ ಫೋಲ್ಡರುಗಳೂ ರೂಟ್ ಹೆಸರಿನಲ್ಲೇ ಇರಬೇಕು, ಬೇರೆ ಯಾರಿಗೂ ಅದರಲ್ಲಿ ಬರೆಯುವ ಅನುಮತಿ ಇರಬಾರದು. ಇಲ್ಲದಿದ್ದರೆ ಸಂಪರ್ಕ ಆದ ಕೂಡಲೇ ಕಡಿದುಹೋಗುತ್ತದೆ. ಕ್ಲೈಂಟ್ ಕಡೆ ಕಾರಣವನ್ನೂ ಸರಿಯಾಗಿ ಹೇಳುವುದಿಲ್ಲ, ಅದು ಸಿಗುವುದು ಸರ್ವರಿನ ಲಾಗ್‌ನಲ್ಲಿ. ಪರಿಹಾರ ಸುಲಭ. ಒಳಗೆ ಇನ್ನೊಂದು ಫೋಲ್ಡರ್ ಮಾಡಿ, ಅದನ್ನು ಆ ವ್ಯಕ್ತಿಯ ಹೆಸರಿಗೆ ಬರೆದುಕೊಡಿ. ಅಪ್‌ಲೋಡ್ ಅಲ್ಲಿಗೆ ಹೋಗುತ್ತದೆ.

ವಿಂಡೋಸ್‌ನಲ್ಲಿ ಬೇರೆ ಸಿಕ್ಕು. ಅಡ್ಮಿನಿಸ್ಟ್ರೇಟರ್ ಗುಂಪಿನವರ ಕೀಗಳನ್ನು ಅದು ಅವರವರ ಹೋಂ ಫೋಲ್ಡರಿನಲ್ಲಿ ಹುಡುಕುವುದೇ ಇಲ್ಲ, ಪ್ರೋಗ್ರಾಂಡೇಟಾ ಒಳಗಿನ ಬೇರೊಂದು ಫೈಲಿನಲ್ಲಿ ನೋಡುತ್ತದೆ. "ಕೀ ಸರಿ ಇದೆ, ಆದರೂ ಒಳಗೆ ಬಿಡ್ತಿಲ್ಲ" ಅನ್ನುವವರು ಇದನ್ನು ನೋಡಬೇಕು. ಅದಕ್ಕಿಂತ ಒಳ್ಳೆಯದು, ಫೈಲ್ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಅಲ್ಲದ ಬೇರೆ ಖಾತೆ ಮಾಡಿಬಿಡುವುದು.

ಪೋರ್ಟನ್ನು 22ರಿಂದ ಬೇರೆಡೆಗೆ ಬದಲಿಸಿದರೆ ಸುರಕ್ಷಿತವಾ? ಲಾಗ್‌ನಲ್ಲಿ ಗದ್ದಲ ಕಮ್ಮಿ ಆಗುತ್ತದೆ, ನಿಜವಾದ ಪ್ರಯತ್ನ ಕಾಣುವುದು ಸುಲಭ ಆಗುತ್ತದೆ. ಅಷ್ಟಕ್ಕೆ ಅದು ಉಪಯೋಗಿ. ಅದೇ ರಕ್ಷಣೆ ಅಂತ ನಂಬಿ ಪಾಸ್‌ವರ್ಡ್ ಲಾಗಿನ್ ಉಳಿಸಿಕೊಂಡರೆ ಏನೂ ಮಾಡಿದ ಹಾಗಾಗಲಿಲ್ಲ. ಪದೇ ಪದೇ ಸೋತ ವಿಳಾಸಗಳನ್ನು ತಡೆಯುವ ಫೇಲ್‌2ಬ್ಯಾನ್ ಕೂಡ ಹಾಗೇ: ಇದ್ದರೆ ಒಳ್ಳೆಯದು, ಕೀಗೆ ಬದಲಿ ಅಲ್ಲ.

ಎದುರಿನವರು ಮೊದಲ ಸಲ ಸಂಪರ್ಕಿಸುವಾಗ ಅವರ ಕ್ಲೈಂಟ್ ಸರ್ವರಿನ ಫಿಂಗರ್‌ಪ್ರಿಂಟ್ (ಗುರುತಿನ ಅಕ್ಷರಗಳ ಸಾಲು) ತೋರಿಸಿ "ನಂಬಲಾ?" ಅಂತ ಕೇಳುತ್ತದೆ. ಆ ಸಾಲನ್ನು ಮೊದಲೇ ಬೇರೆ ದಾರಿಯಲ್ಲಿ, ಫೋನಿನಲ್ಲೋ ಮೆಸೇಜಿನಲ್ಲೋ, ಕಳಿಸಿಡಿ. ಹೊಂದಿಸಿ ನೋಡಲು ಅರ್ಧ ನಿಮಿಷ ಸಾಕು.

ಇಷ್ಟೆಲ್ಲ ಮಾಡಿದರೂ ಅಪ್‌ಡೇಟ್ ತಪ್ಪಿಸುವ ಹಾಗಿಲ್ಲ. 2024ರ ಜುಲೈನಲ್ಲಿ ಓಪನ್‌ಎಸ್‌ಎಸ್‌ಎಚ್ 9.8 ಬಂದದ್ದು ಲಾಗಿನ್ನೇ ಇಲ್ಲದೆ ಒಳನುಗ್ಗಬಹುದಾದ ದೋಷವೊಂದನ್ನು ಮುಚ್ಚಿಕೊಂಡು. ರಿಗ್ರೆಶನ್ (ಹಿಂದಕ್ಕೆ ಮರಳುವುದು) ಎಂದು ಅದಕ್ಕೆ ಹೆಸರಾಯಿತು, ಏಕೆಂದರೆ 2006ರಲ್ಲಿ ಸರಿಪಡಿಸಿದ್ದ ತಪ್ಪೇ 2020ರ ಬದಲಾವಣೆಯೊಂದರಲ್ಲಿ ವಾಪಸ್ ಬಂದಿತ್ತು. ಕೀ ಬಳಸಿ, ಪಾಸ್‌ವರ್ಡ್ ಬಂದ್ ಮಾಡಿದವರಿಗೂ ಅದು ತಟ್ಟುವಂಥದ್ದೇ. ಪೋರ್ಟ್ ತೆರೆದಿದ್ದೀರಿ ಅಂದರೆ ಇಂಥ ಸುದ್ದಿಗೆ ಅದೇ ದಿನ ಕಿವಿಗೊಡುವ ಜವಾಬ್ದಾರಿಯೂ ನಿಮ್ಮದೇ. ಅದು ಆಗಲ್ಲ ಅನ್ನುವವರಿಗೆ ಮುಂದಿನದ್ದು ಸರಿ.

ವಿಪಿಎನ್ ಒಳಗೆ ಸರ್ವರ್: ನನ್ನ ಮೊದಲ ಆಯ್ಕೆ

ಇಲ್ಲಿ ಫೈಲ್ ಸರ್ವರ್ ಇಂಟರ್ನೆಟ್‌ಗೆ ಮುಖ ತೋರಿಸುವುದೇ ಇಲ್ಲ. ನಿಮ್ಮ ಫೋನ್, ಲ್ಯಾಪ್‌ಟಾಪ್ ಮೊದಲು ಖಾಸಗಿ ಜಾಲಕ್ಕೆ ಸೇರುತ್ತವೆ, ಆಮೇಲೆ ಮನೆಯೊಳಗೇ ಇದ್ದ ಹಾಗೆ ಫೈಲ್ ತೆಗೆಯುತ್ತವೆ. ಒಳಗೆ ಎಸ್‌ಎಫ್‌ಟಿಪಿ ಇರಲಿ, ವಿಂಡೋಸ್ ಶೇರಿಂಗ್ ಇರಲಿ, ನಡೆಯುತ್ತದೆ.

ಇಂದು ಇದಕ್ಕೆ ಎರಡು ದಾರಿ ಮುಖ್ಯ. ಒಂದು, ವೈರ್‌ಗಾರ್ಡ್ ಎಂಬ ವಿಪಿಎನ್ ಸಾಫ್ಟ್‌ವೇರನ್ನು ನೀವೇ ನಡೆಸುವುದು. ಜೇಸನ್ ಡೊನೆನ್‌ಫೆಲ್ಡ್ ಬರೆದ ಇದು 2020ರಲ್ಲಿ ಲಿನಕ್ಸ್ ಕರ್ನಲ್ 5.6ರ ಜೊತೆಗೇ ಸೇರಿತು. ಸಾಮಾನ್ಯವಾಗಿ 51820 ಯುಡಿಪಿ ಪೋರ್ಟ್ ಒಂದನ್ನು ತೆರೆಯಬೇಕು. ಇದೂ ಪೋರ್ಟೇ ಅಲ್ವಾ ಅಂದರೆ, ಹೌದು. ಆದರೆ ಸರಿಯಾದ ಕೀ ಇಲ್ಲದೆ ಬಂದ ಪ್ಯಾಕೆಟ್‌ಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಹುಡುಕುತ್ತಾ ಬಂದ ಬಾಟ್‌ಗೆ ಅಲ್ಲಿ ಏನಾದರೂ ಇದೆಯೇ ಅಂತ ಕೂಡ ತಿಳಿಯುವುದಿಲ್ಲ. ಎಸ್‌ಎಸ್‌ಎಚ್ ಹಾಗಲ್ಲ, ಬಂದವರಿಗೆಲ್ಲ ತನ್ನ ಆವೃತ್ತಿಯನ್ನು ಹೇಳಿಯೇ ಮಾತು ಶುರು ಮಾಡುತ್ತದೆ.

ಇನ್ನೊಂದು, ಟೇಲ್‌ಸ್ಕೇಲ್ ಎಂಬ ಸೇವೆ. ಒಳಗೆ ಅದೂ ವೈರ್‌ಗಾರ್ಡೇ. ಸಾಧನಗಳನ್ನು ಒಂದಕ್ಕೊಂದು ಪರಿಚಯಿಸುವ ಕೆಲಸವನ್ನು ಅವರ ಸರ್ವರ್ ಮಾಡುತ್ತದೆ, ಪ್ರೈವೇಟ್ ಕೀ ನಿಮ್ಮ ಸಾಧನದಲ್ಲೇ ಉಳಿಯುತ್ತದೆ. ರೂಟರನ್ನು ಮುಟ್ಟಬೇಕಾಗಿಲ್ಲ. ನೇರ ಸಂಪರ್ಕ ಆಗದಿದ್ದರೆ ಅವರ ರಿಲೇ (ನಡುವಿನ ಸರ್ವರ್) ಮೂಲಕ, ಗೂಢವಾಗಿಯೇ, ಹೋಗುತ್ತದೆ. ಆಗ ವೇಗ ಇಳಿಯಬಹುದು.

ಎರಡರಲ್ಲಿ ಯಾವುದು? ಇದನ್ನು ನಿಮ್ಮ ಇಂಟರ್ನೆಟ್ ಸಂಪರ್ಕವೇ ತೀರ್ಮಾನಿಸಬಹುದು. ರೂಟರಿನ ಪುಟದಲ್ಲಿ ಹೊರಗಿನ ಐಪಿ ಎಷ್ಟು ಅಂತ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ, ಅಥವಾ "ನನ್ನ ಐಪಿ ಏನು" ಎಂದು ಹುಡುಕಿದಾಗ ಬರುವ ವಿಳಾಸಕ್ಕೆ ಹೊಂದದಿದ್ದರೆ ಹೆಚ್ಚಾಗಿ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ವಿಳಾಸವನ್ನು ಎಷ್ಟೋ ಮನೆಗಳು ಹಂಚಿಕೊಂಡಿವೆ. ಅಲ್ಲಿ ಐಪಿವಿ4 ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಪ್ರಯೋಜನವಿಲ್ಲ. ನಿಮಗೆ ಟೇಲ್‌ಸ್ಕೇಲ್ ಥರದ್ದೇ ಸುಲಭ. ಸ್ವಂತ ಪಬ್ಲಿಕ್ ಐಪಿ ಇದ್ದು, ಮೂರನೆಯವರ ಹಂಗು ಬೇಡ ಅನ್ನುವವರಿಗೆ ಬರೀ ವೈರ್‌ಗಾರ್ಡ್. ಆ ಐಪಿ ಆಗಾಗ ಬದಲಾಗುತ್ತಿದ್ದರೆ ಬದಲಾದ ಐಪಿಯನ್ನು ಒಂದೇ ಹೆಸರಿಗೆ ಹೊಂದಿಸುವ ಡೈನಾಮಿಕ್ ಡಿಎನ್‌ಎಸ್ ಒಂದನ್ನು ಜೋಡಿಸಿ.

ಟೇಲ್‌ಸ್ಕೇಲ್ ಆರಿಸಿದವರು ಎರಡು ವಿಷಯ ಗಮನಿಸಬೇಕು. ಅದಕ್ಕೆ ಲಾಗಿನ್ ಆಗುವುದು ನಿಮ್ಮ ಗೂಗಲ್, ಮೈಕ್ರೋಸಾಫ್ಟ್ ಥರದ ಖಾತೆಯಿಂದ. ಆ ಖಾತೆ ಹೋದರೆ ಮನೆಯ ಜಾಲವೂ ಹೋಯಿತು. ಎರಡು ಹಂತದ ಪರಿಶೀಲನೆ ಹಾಕದೆ ಮುಂದೆ ಹೋಗಬೇಡಿ. ಇನ್ನೊಂದು, ಸಾಧನದ ಕೀ ಡೀಫಾಲ್ಟ್ ಆಗಿ 180 ದಿನಕ್ಕೆ ಮುಗಿಯುತ್ತದೆ. ನೀವು ದೂರದಲ್ಲಿ ಇರುವಾಗಲೇ ಮನೆಯ ಸರ್ವರ್ ಮತ್ತೆ ಲಾಗಿನ್ ಕೇಳಿಕೊಂಡು ನಿಂತರೆ ಕಷ್ಟ. ಸರ್ವರಿಗೆ ಮಾತ್ರ ಆ ಅವಧಿಯನ್ನು ತೆಗೆದುಬಿಡಿ.

ವಿಪಿಎನ್ ಕೊಟ್ಟ ಮೇಲೆ ಗೆಳೆಯರಿಗೂ ಹಾಗೇ ಕೊಟ್ಟರಾಯಿತು ಅನ್ನಬೇಡಿ. ಮನೆಗೆ ಬಂದವರಿಗೆ ಬೀರುವಿನ ಬೀಗದ ಕೈ ಕೊಟ್ಟ ಹಾಗಾಗುತ್ತದೆ. ಯಾವ ಸಾಧನ ಯಾವ ಪೋರ್ಟ್ ತಲುಪಬಹುದು ಅಂತ ಟೇಲ್‌ಸ್ಕೇಲ್‌ನಲ್ಲಿ ನಿಯಮ ಬರೆಯಬಹುದು. ವೈರ್‌ಗಾರ್ಡ್‌ನಲ್ಲಾದರೆ ಫೈರ್‌ವಾಲ್‌ನಲ್ಲಿ ಅದೇ ಕೆಲಸ ಮಾಡಬೇಕು.

ಎಸ್‌ಎಂಬಿ ಬಗ್ಗೆ ಎರಡೇ ಮಾತು

ವಿಂಡೋಸ್‌ನ ಮಾಮೂಲಿ ಫೋಲ್ಡರ್ ಶೇರಿಂಗ್ ಅಂದರೆ ಎಸ್‌ಎಂಬಿ. ಮನೆಯೊಳಗೆ, ಇಲ್ಲವೇ ವಿಪಿಎನ್ ಮೂಲಕ, ಇದಕ್ಕಿಂತ ಸಲೀಸು ಬೇರೆ ಇಲ್ಲ. ಆದರೆ ಅದು ಬಳಸುವ 445ನೇ ಪೋರ್ಟನ್ನು ಇಂಟರ್ನೆಟ್ ಕಡೆಗೆ ಯಾವ ಕಾರಣಕ್ಕೂ ತೆರೆಯಬೇಡಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ವನ್ನಾಕ್ರೈ ಹಬ್ಬಿದ್ದು ಎಸ್‌ಎಂಬಿಯ ಹಳೇ ಆವೃತ್ತಿಯ ದೋಷದಿಂದಲೇ. ಸರಿಪಡಿಸುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಸಿಂಕ್‌ಥಿಂಗ್: ಸರ್ವರೇ ಬೇಡವಾದರೆ

ನಿಮಗೆ ಬೇಕಾದ್ದು ಮನೆಯ ಕಂಪ್ಯೂಟರ್, ಲ್ಯಾಪ್‌ಟಾಪ್ ಎರಡರಲ್ಲೂ ಅದೇ ಫೋಲ್ಡರ್ ಇರುವುದು, ಅಷ್ಟೇ ಆಗಿದ್ದರೆ ಸಿಂಕ್‌ಥಿಂಗ್ ನೋಡಿ. ಎರಡೂ ಕಡೆ ಹಾಕಿ, ಒಂದರ ಗುರುತನ್ನು ಇನ್ನೊಂದರಲ್ಲಿ ಒಪ್ಪಿಕೊಂಡರೆ ಸಾಕು. ಸಂಪರ್ಕ ಟಿಎಲ್‌ಎಸ್‌ನಲ್ಲಿ ಹೋಗುತ್ತದೆ, ನೇರ ದಾರಿ ಸಿಗದಿದ್ದರೆ ರಿಲೇ ಮೂಲಕ. ಪೋರ್ಟ್ ತೆರೆಯುವುದು ಕಡ್ಡಾಯವಲ್ಲ.

ಇದರ ಗುಣವೇ ಇದರ ದೋಷ ಕೂಡ. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ. ರ್‍ಯಾನ್ಸಮ್‌ವೇರ್ ಒಂದು ಕಡೆ ಫೈಲ್ ಕೆಡಿಸಿದರೆ ಕೆಟ್ಟ ಫೈಲೇ ಸಿಂಕ್ ಆಗುತ್ತದೆ. ಹಳೆಯ ಪ್ರತಿಗಳನ್ನು ಉಳಿಸುವ ಫೈಲ್ ವರ್ಷನಿಂಗ್ ಸೆಟ್ಟಿಂಗನ್ನು ಮೊದಲ ದಿನವೇ ಆನ್ ಮಾಡಿ. ಇದನ್ನು ಬ್ಯಾಕಪ್ ಅಂದುಕೊಳ್ಳಬೇಡಿ.

ನೆಕ್ಸ್ಟ್‌ಕ್ಲೌಡ್: ಲಿಂಕ್ ಕೇಳುವ ಜನರಿಗೆ

ಗಿರಾಕಿಗಳು, ನೆಂಟರು, ಆ್ಯಪ್ ಹಾಕಿಕೊಳ್ಳಿ ಅಂದರೆ ಮುಖ ಸಿಂಡರಿಸುವವರು. ಇವರಿಗೆ ಬ್ರೌಸರಿನಲ್ಲಿ ತೆರೆಯುವ ಲಿಂಕೇ ಆಗಬೇಕು. 2016ರಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದ ನೆಕ್ಸ್ಟ್‌ಕ್ಲೌಡ್ ಆ ಕೆಲಸ ಚೆನ್ನಾಗಿ ಮಾಡುತ್ತದೆ. ಲಿಂಕಿಗೆ ಪಾಸ್‌ವರ್ಡ್, ಕೊನೆಯ ದಿನಾಂಕ, "ಅಪ್‌ಲೋಡ್ ಮಾತ್ರ" ಫೋಲ್ಡರ್, ಎಲ್ಲ ಇದೆ.

ಬೆಲೆ ಏನು ಅಂದರೆ ನಿರ್ವಹಣೆ. ವೆಬ್ ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಎಲ್ಲವನ್ನೂ ನೋಡಿಕೊಳ್ಳಬೇಕು. ದೊಡ್ಡ ಆವೃತ್ತಿಗಳನ್ನು ಹಾರಿಸಿ ಅಪ್‌ಡೇಟ್ ಮಾಡಲು ಬರುವುದಿಲ್ಲ. ಎರಡು ವರ್ಷ ಸುಮ್ಮನಿದ್ದು ಆಮೇಲೆ ಒಂದೊಂದೇ ಮೆಟ್ಟಿಲು ಹತ್ತುವುದು ಬೇಜಾರಿನ ಕೆಲಸ. ವೆಬ್ ಮುಖ ಇರುವ ಫೈಲ್ ಸಾಗಣೆ ವ್ಯವಸ್ಥೆಗಳ ಮೇಲೆ ದಾಳಿಕೋರರ ಕಣ್ಣೂ ಜಾಸ್ತಿ. 2023ರಲ್ಲಿ ಮೂವ್‌ಇಟ್ ಎಂಬ ವಾಣಿಜ್ಯ ಉತ್ಪನ್ನದ ವೆಬ್ ಭಾಗದಲ್ಲಿದ್ದ ಎಸ್‌ಕ್ಯೂಎಲ್ ಇಂಜೆಕ್ಷನ್ (ಹೊರಗಿನವರು ಡೇಟಾಬೇಸಿಗೆ ಆದೇಶ ತೂರಿಸಬಹುದಾದ) ದೋಷದಿಂದ ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳ ಫೈಲುಗಳು ಕಳುವಾದವು. ಅವರಿಗೆ ನೋಡಿಕೊಳ್ಳಲು ಸಂಬಳದ ಜನ ಇದ್ದರು. ಮನೆಯಲ್ಲಿ ನೀವೊಬ್ಬರೇ.

ಲಿಂಕ್ ಕೊಡಬೇಕಾಗಿ ಬರುವುದು ಅಪರೂಪಕ್ಕೊಮ್ಮೆ ಆದರೆ ಸರ್ವರಿನ ಗೊಡವೆಯೇ ಬೇಡ. ಕ್ರಾಕ್ ಅಥವಾ ಮ್ಯಾಜಿಕ್ ವರ್ಮ್‌ಹೋಲ್ ಬಳಸಿ, ಎರಡು ಮೂರು ಪದಗಳ ಕೋಡ್ ಹೇಳಿ, ಫೈಲ್ ಕಳಿಸಿ ಮುಗಿಸಿ. ಅದೇ ವೈಫೈನಲ್ಲಿ ಇದ್ದರೆ ಲೋಕಲ್‌ಸೆಂಡ್ ಇನ್ನೂ ಸುಲಭ.

ವೇಗದ ಲೆಕ್ಕ

ಸರ್ವರ್ ಮನೆಯಲ್ಲಿದ್ದರೆ ಹೊರಗಿನವರು ಡೌನ್‌ಲೋಡ್ ಮಾಡುವ ವೇಗ ನಿಮ್ಮ ಅಪ್‌ಲೋಡ್ ವೇಗ. ಅದು 20 ಎಂಬಿಪಿಎಸ್ ಇದ್ದರೆ 10 ಜಿಬಿ ಕಳಿಸಲು ಏನಿಲ್ಲವೆಂದರೂ 67 ನಿಮಿಷ. ಯಾವ ಪ್ರೋಟೊಕಾಲ್ ಆರಿಸಿದರೂ ಈ ಮಿತಿ ಬದಲಾಗುವುದಿಲ್ಲ. ವಿಡಿಯೋ ಕಡತಗಳನ್ನು ದಿನಾ ಹಂಚುವವರು ಮನೆಯ ಸರ್ವರ್ ಬೇಕಾ ಅಂತ ಇಲ್ಲೇ ಒಮ್ಮೆ ಯೋಚಿಸಬೇಕು. ನಿಮ್ಮ ಸಂಪರ್ಕದ ಷರತ್ತುಗಳಲ್ಲಿ ಸರ್ವರ್ ನಡೆಸಲು ಅನುಮತಿ ಇದೆಯಾ ಅಂತಲೂ ಓದಿಕೊಳ್ಳಿ.

ಯಾವುದನ್ನು ಆರಿಸಿದರೂ

ದಿನಬಳಕೆಯ ಕಂಪ್ಯೂಟರನ್ನೇ ಸರ್ವರ್ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಬ್ಯಾಂಕಿನ ಕೆಲಸ, ಮಕ್ಕಳ ಆಟ, ಹೊರಗಿನವರ ಅಪ್‌ಲೋಡ್ ಎಲ್ಲ ಒಂದೇ ಯಂತ್ರದಲ್ಲಿ ಬೇಡ. ಹಳೇ ಲ್ಯಾಪ್‌ಟಾಪ್ ಒಂದಿದ್ದರೆ ಅದನ್ನು ಇದಕ್ಕೇ ಬಿಟ್ಟುಬಿಡಿ. ಬೇರೆ ಯಂತ್ರ ಇಲ್ಲದಿದ್ದರೆ ಕಡೇಪಕ್ಷ ಬೇರೆ ಖಾತೆ, ಬೇರೆ ಫೋಲ್ಡರ್. ಇಡೀ ಡ್ರೈವ್ ಹಂಚಬೇಡಿ. ಓದಿದರೆ ಸಾಕು ಅನ್ನುವವರಿಗೆ ಬರೆಯುವ ಅನುಮತಿ ಕೊಡಬೇಡಿ.

ರೂಟರಿನಲ್ಲಿ ಯುಪಿಎನ್‌ಪಿ ಆಫ್ ಮಾಡಿ. ಅದು ಆನ್ ಇದ್ದರೆ ಒಳಗಿನ ಯಾವ ಸಾಧನವಾದರೂ ನಿಮ್ಮನ್ನು ಕೇಳದೆ ಪೋರ್ಟ್ ತೆರೆಸಿಕೊಳ್ಳಬಹುದು. ಹೊಸ ವಿಳಾಸ ಪದ್ಧತಿ ಐಪಿವಿ6 ಇದ್ದರೆ ಇನ್ನೊಂದು ಎಚ್ಚರ ಬೇಕು: ಅಲ್ಲಿ ಸಾಮಾನ್ಯವಾಗಿ ಪ್ರತಿ ಸಾಧನಕ್ಕೂ ಹೊರಗಿನಿಂದ ತಲುಪಬಹುದಾದ ವಿಳಾಸ ಇರುತ್ತದೆ. "ಫಾರ್ವರ್ಡ್ ಮಾಡಿಲ್ಲವಲ್ಲ" ಅನ್ನುವ ಧೈರ್ಯ ಕೆಲಸಕ್ಕೆ ಬಾರದು, ರೂಟರಿನ ಐಪಿವಿ6 ಫೈರ್‌ವಾಲ್ ಆನ್ ಇದೆಯೇ ನೋಡಲೇಬೇಕು.

ಸರ್ವರಿನಲ್ಲಿರುವುದರ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಸದಾ ಜೋಡಿಸಿಡದ ಡಿಸ್ಕಿನಲ್ಲಿ, ಇರಲಿ.

ಎಲ್ಲ ಮುಗಿದ ಮೇಲೆ ಪರೀಕ್ಷೆ ಮಾಡುವುದು ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ. ಮನೆಯೊಳಗಿನಿಂದಲೇ ಹೊರಗಿನ ವಿಳಾಸ ಹಾಕಿದರೆ ಕೆಲವು ರೂಟರುಗಳು ಅದನ್ನು ವಾಪಸ್ ಒಳಗೆ ತಿರುಗಿಸುವುದಿಲ್ಲ. ಎಲ್ಲ ಸರಿಯಿದ್ದರೂ ಕೆಟ್ಟಿದೆ ಅನ್ನಿಸುತ್ತದೆ. ಮೊಬೈಲ್ ಡೇಟಾದಿಂದ ತೆರೆಯಬೇಕಾದದ್ದು ತೆರೆಯುತ್ತದಾ ಅಂತ ನೋಡಿ. ಅದಕ್ಕಿಂತ ಮುಖ್ಯವಾಗಿ ತೆರೆಯಬಾರದ್ದು, ಅಂದರೆ 21, 445, ರೂಟರಿನ ಲಾಗಿನ್ ಪುಟ, ತೆರೆಯುತ್ತಿಲ್ಲ ತಾನೇ ಅಂತ ನೋಡಿ. ಮೊದಲ ವಾರ ಲಾಗ್ ಓದಿ. ಸೋತ ಪ್ರಯತ್ನಗಳು ಎಷ್ಟಿದ್ದರೂ ಬಿಡಿ. ಗುರುತಿಲ್ಲದ ವಿಳಾಸದಿಂದ ಲಾಗಿನ್ ಆದದ್ದು ಒಂದೇ ಒಂದು ಕಂಡರೂ ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು, ಆಮೇಲೆ ಆ ಖಾತೆಯ ಕೀ ತೆಗೆದು, ಯಂತ್ರವನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿ.